ಸಾವಿರ ಎಂದವನ ಮಡ್ಡಿ

ಆ ಬುಧವಾರ ನನಗೂ ನನ್ನ ಗಂಡನಿಗೂ ಜಗಳ ಆಯಿತು. ಜಗಳವಿಲ್ಲದ ದಿನ ನಮ್ಮಲ್ಲಿ ಕಡಿಮೆ. ಅದಕ್ಕೇ ಅದನ್ನು ಸಾದಾ ದಿನ ಅಂತ ಬರೆಯುತ್ತೇನೆ.

ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅವನು ಕುರಿ ಕೂಡುವ ದಡ್ಡಿಯ ಬಲೆ ಬಿಚ್ಚಿ ಅವನ್ನು ಹೊರಗೆ ಬಿಟ್ಟ. ಕುರಿಗಳು ದಿನದಂತೆ ಮೇಯಲು ಮಡ್ಡಿಯ ಕಡೆ ನಡೆದವು. ತಂತಿಯ ತನಕ ಹೋಗಿ ನಿಂತುಬಿಟ್ಟವು. ಮಡ್ಡಿಗೆ ಬೇಲಿ ಹಾಕಿ ಮೂರು ದಿನ ಆಗಿತ್ತು. ಸಿಮೆಂಟ್ ಕಂಬ, ಐದು ಸಾಲು ಮುಳ್ಳುತಂತಿ. ಮುಂದಿನ ಕುರಿ ನಿಂತರೆ ಹಿಂದಿನದು ಅದರ ಮೇಲೆ ಬೀಳುತ್ತಿತ್ತು. ಅವು ಒದರುವುದನ್ನು ಕೇಳುತ್ತ ನಾನು ರೊಟ್ಟಿ ಸುಟ್ಟೆ.

"ನಾಳೆ ಆ ನೆಲ ನೋಡಿ ಹ್ವಾದ ಸಾಹೇಬ್ರು ಬರತಾರಂತ," ಅಂದೆ. "ಆ ಹುಡಿಗಿ ಫೋನ್ ಮಾಡಿದ್ಲು. ಕುರಿ ಎಣಿಸಿ ಕೊಟ್ರ ಬರದದ್ದು ತಿದ್ದತಾರಂತ. ಬೇಲಿಗೆ ಗೇಟ್ ಇಡತಾರಂತ."

"ಎಣಿಸಾಂಗಿಲ್ಲ."

"ಯಾಕ?"

"ಎಣಿಸಿದ್ರ ಕಡಿಮಿ ಆಗತಾವ."

"ಮೇವಿಲ್ಲದ ಸತ್ರ ಹೆಚ್ಚ ಆಗತಾವೇನು, ಮಾಮಾ?"

ಅವನು ನನ್ನ ತಾಯಿಯ ತಮ್ಮ. ಸಣ್ಣವಳಿದ್ದಾಗಿನಿಂದ ಮಾಮಾ ಅಂತಿದ್ದೆ, ಮದುವೆ ಆದ ಮೇಲೂ ಅದನ್ನೇ ಅಂದೆ.

"ನಾಕನೇ ಇಯತ್ತೆ ಸಾಲಿ ಕಲತ ಸೊಕ್ಕು ನಿಂದು," ಅಂದ.

"ನಿನಗ ಅದೂ ಇಲ್ಲಲ್ಲ. ಸಾವಿರ ಕುರಿ ಅದಾವಂತ ಬರಸಿ ಬಂದಿ. ತಗೊ, ಸಾವಿರ ಕುರಿ ಎಲ್ಲಿ ನಿಂತಾವ ತೋರಸು ನೋಡೋಣು."

ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಬೇಲಿಯ ಮಗ್ಗಲಿನ ದಾರಿ ಹಿಡಿದು ಹೋದ. ಆ ದಿನವೆಲ್ಲ ದಾರಿಯ ಬದಿಯ ಜಾಲಿಕಾಯಿ ಉದುರಿಸಿ ಕುರಿಗೆ ಹಾಕಿದ. ಸಂಜೆ ಬಂದು, ನಾಳೆ ಸಾಹೇಬರ ಹಾದಿ ಕಾಯುವುದಿಲ್ಲ, ಬನಹಟ್ಟಿ ರಸ್ತೆ ಹಿಡಿದು ಹೊಳೆಸಾಲಿಗೆ ಹೋಗುತ್ತೇನೆ, ಅಲ್ಲಿ ಕಬ್ಬು ಕಡಿದ ಹೊಲದಲ್ಲಿ ರವದಿ ಸಿಗುತ್ತದೆ ಅಂದ. ರವದಿ ಅಂದರೆ ಕಬ್ಬಿನ ಒಣ ಎಲೆ. ಅದರಲ್ಲಿ ಕುರಿಗೆ ಏನು ಸಿಗುತ್ತದೆ ಅಂತ ಕೇಳಲಿಲ್ಲ. ಸಿಟ್ಟಿಗೆ ನಾನು ಅವನ ತಾಟಿಗೆ ಮೊಸರು ಹಾಕಲಿಲ್ಲ. ಅವನೂ ಕೇಳಲಿಲ್ಲ.

ಮೊಸರು ಇತ್ತು. ಅದನ್ನು ಬರೆಯಲೇಬೇಕು.

ಅವನ ಹೆಸರು ಪರಸಪ್ಪ. ನಾವು ಹಾಲುಮತದವರು, ಬೀರಪ್ಪ ದೇವರ ಒಕ್ಕಲು. ಚಿಮ್ಮಡದ ಮಗ್ಗಲಿನ ವಸ್ತಿಯಲ್ಲಿ ನಮ್ಮ ಮನೆ, ಮನೆಯ ಹಿಂದೆ ಮಡ್ಡಿ. ಮಡ್ಡಿ ಅಂದರೆ ಕಲ್ಲುನೆಲ, ಊರಿನದು, ಯಾರ ಹೆಸರಿಗೂ ಇಲ್ಲ. ಅಲ್ಲಿ ಬಿತ್ತಿದರೆ ಬೆಳೆಯುವುದಿಲ್ಲ, ಬಿತ್ತದೇ ಇದ್ದರೆ ಹುಲ್ಲು ಬರುತ್ತದೆ. ಮೊದಲ ಮಳೆ ಬಿದ್ದ ಹದಿನೈದು ದಿನಕ್ಕೆ ಹಸಿರು, ದೀಪಾವಳಿಯ ಮುಂದಿನ ಚಟ್ಟಿ ಅಮಾಸೆಯ ತನಕ ಹಸಿರು. ಆಮೇಲೆ ಹುಲ್ಲು ಒಣಗಿ ನೆಲದ ಬಣ್ಣಕ್ಕೆ ಬರುತ್ತದೆ. ಒಣಗಿದ್ದನ್ನೂ ಕುರಿ ತಿನ್ನುತ್ತವೆ. ಬೇರು ಕೆಳಗೆ ಹಾಗೇ ಇರುತ್ತದೆ. ಇದು ನಮ್ಮ ಕಡೆಯ ಕೂಸಿಗೂ ಗೊತ್ತು.

ಅವನು ಸಾಲಿಯ ಮೆಟ್ಟಿಲು ಹತ್ತಿದವನಲ್ಲ. ಸಿಟ್ಟಿನವನು, ಮಾತು ಕಡಿಮೆ, ಆಡಿದರೆ ಚುಚ್ಚುವ ಹಾಗೆ ಆಡುತ್ತಿದ್ದ. ತಂಬಾಕು ತಿನ್ನುತ್ತಿದ್ದ. ನನ್ನನ್ನು ಎರಡು ಸಲ ಹೊಡೆದಿದ್ದಾನೆ. ಮೂರನೆಯ ಸಲ ಕೈ ಎತ್ತಿದಾಗ ನಾನು ಬಡಿಗೆ ತೆಗೆದುಕೊಂಡೆ, ಅಲ್ಲಿಗೆ ಮುಗಿಯಿತು. ಸತ್ತವರನ್ನು ದೇವರು ಮಾಡಿ ಬರೆಯಲು ನನಗೆ ಬರುವುದಿಲ್ಲ.

ಆದರೆ ನೆಲ ಅವನಿಗೆ ಗೊತ್ತಿತ್ತು. ಹೊಲ ಖಾಲಿಯಾದಾಗ ರಾತ್ರಿ ಅದರಲ್ಲಿ ಕುರಿ ಕೂಡಿ ನಿಲ್ಲಿಸುತ್ತೇವೆ. ತರುಬುವುದು ಅಂತೇವೆ. ಹಿಕ್ಕಿ, ಉಚ್ಚೆ ನೆಲಕ್ಕೆ ಬೀಳುತ್ತದೆ, ಹೊಲದವರು ಜೋಳ ಕೊಡುತ್ತಾರೆ. ಹನ್ನೆರಡನೆಯ ವಯಸ್ಸಿನಿಂದ ಅವನು ಇದನ್ನೇ ಮಾಡಿದ. ಜಮಖಂಡಿಯಿಂದ ಮುಧೋಳದ ತನಕ, ಆಚೆ ಬೀಳಗಿಯ ತನಕ ಅವನು ಮಲಗದ ಹೊಲ ಇರಲಿಲ್ಲ. ಅವನಿಗೆ ಇಸವಿ ಗೊತ್ತಿಲ್ಲ. ಯಾವ ವರ್ಷ ಅಂತ ಕೇಳಿದರೆ ಎಲ್ಲಿ ತರುಬಿದ್ದೆ ಅಂತ ಹೇಳುತ್ತಿದ್ದ. ನಮ್ಮ ಮಗಳು ಕಾವೇರಿ ಹುಟ್ಟಿದ್ದು ಯಾವಾಗ ಅಂತ ಸಾಲಿಯಲ್ಲಿ ಮಾಸ್ತರರು ಕೇಳಿದಾಗ, "ರೇವಪ್ಪನ ಎರಿ ಹೊಲದಾಗ ದಡ್ಡಿ ಇತ್ರಿ, ಕಡ್ಲಿ ಹೂ ಬಿಟ್ಟಿತ್ತು" ಅಂದ. ಮಾಸ್ತರರು ತಮಗೆ ತಿಳಿದ ದಿನ ಬರೆದುಕೊಂಡರು. ಕಾವೇರಿ ಈಗ ಮುಧೋಳದಲ್ಲಿ ಗಂಡನ ಮನೆಯಲ್ಲಿದ್ದಾಳೆ, ಸುಳ್ಳು ಹುಟ್ಟಿದ ದಿನದ ಮೇಲೆಯೇ.

ಇನ್ನೊಂದು. ನಮ್ಮವರು ಕುರಿ ಎಣಿಸುವುದಿಲ್ಲ. ಎಣಿಸಿ ಬಾಯಿಬಿಟ್ಟು ಹೇಳಿದರೆ ದಡ್ಡಿಗೆ ಕೇಡು ಅಂತ. ಎಷ್ಟಿವೆ ಅಂತ ನಮಗೆ ತಿಳಿಯುವುದಿಲ್ಲ, ಯಾವುದು ಇಲ್ಲ ಅನ್ನುವುದು ಮಾತ್ರ ತಿಳಿಯುತ್ತದೆ. ಸಂಜೆ ದಡ್ಡಿಗೆ ಬರುವಾಗ ಒಂದು ಮುಖ ಕಾಣದಿದ್ದರೆ ಅವನು ತುತ್ತು ಕೆಳಗಿಟ್ಟು ಎದ್ದು ಹೋಗುತ್ತಿದ್ದ. ಯಾರಾದರೂ ತಿಳಿಯದವರು ಎಷ್ಟು ಕುರಿ ಅಂತ ಕೇಳಿದರೆ ಒಂದೇ ಉತ್ತರ. ಸಾವಿರ ಅದಾವ್ರಿ, ಬೀರಪ್ಪ ಕೊಟ್ಟಾನ. ಹತ್ತು ಕುರಿ ಇದ್ದವನೂ ಸಾವಿರ ಅನ್ನುತ್ತಾನೆ. ನನ್ನ ಅಜ್ಜ ಹಾಗೇ ಅಂದ, ಅವನ ಅಪ್ಪ ಹಾಗೇ ಅಂದಿದ್ದ. ಅದು ಲೆಕ್ಕ ಅಲ್ಲ, ಕೈ ಮುಗಿದ ಹಾಗೆ. ಹೊಲದ ಗೌಡರು ಅದಕ್ಕೇ ಎಷ್ಟು ಕುರಿ ಅಂತ ಕೇಳುವುದಿಲ್ಲ, ಎಷ್ಟು ರಾತ್ರಿ ಅಂತ ಕೇಳುತ್ತಾರೆ.

ಹೋಳಿ ಹುಣ್ಣಿಮೆ ಮುಗಿದ ಮೇಲೆ ನೆಲ ನೋಡುವವರು ಬಂದರು. ಒಬ್ಬ ಸಾಹೇಬ, ಒಬ್ಬ ಹುಡುಗಿ. ಹುಡುಗಿಯ ಹೆಸರು ರೇಷ್ಮಾ, ಬಿಜಾಪುರ ಪೇಟೆಯವಳು, ಇದನ್ನೇ ಓದಿ ನೌಕರಿಗೆ ಸೇರಿದವಳು. ಕೆಟ್ಟ ನೆಲ ಯಾವುದು ಅಂತ ಹುಡುಕಿ ಸುಧಾರಿಸುವ ಯೋಜನೆ ಅಂತ ಹೇಳಿದರು. ಊರಿನ ಕಡೆಯಿಂದ ಬಸಗೊಂಡಪ್ಪ ಅವರ ಜೊತೆ ಓಡಾಡುತ್ತಿದ್ದ. ಬಸಗೊಂಡಪ್ಪ ಯೋಜನೆಯ ಊರ ಕಮಿಟಿಯ ಮುಖಂಡ, ನಲವತ್ತು ಎಕರೆ ಕಬ್ಬಿನವ. ಹಳೆಯ ಸುದ್ದಿ ಹೇಳುವವನು ಒಬ್ಬ ಬೇಕು ಅಂದಾಗ ಮಂದಿ ನನ್ನ ಗಂಡನ ಹೆಸರು ಹೇಳಿದರು. ಅವನು ಹೋದ. ಬುತ್ತಿ ಕಟ್ಟಿಕೊಂಡು ನಾನೂ ಹಿಂದೆ ಹೋದೆ, ಕುರಿ ಹೊಡೆದುಕೊಂಡು.

ಹುಡುಗಿಯ ಕೈಯಲ್ಲಿ ಹಲಗೆಯಂಥ ದೊಡ್ಡ ಫೋನು. ಅದರಲ್ಲಿ ನಮ್ಮ ಊರು, ಮೇಲಿನಿಂದ ತೆಗೆದದ್ದು. ಉಪಗ್ರಹದ ಫೋಟೊ, ಮೂವತ್ತು ವರ್ಷದಿಂದ ಆಕಾಶದಿಂದ ತೆಗೆಯುತ್ತಾ ಇದ್ದಾರೆ ಅಂದಳು. ಜೀವ ಇರುವ ಎಲೆ ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕನ್ನು ತಿರುಗಿಸಿ ಮೇಲೆ ಕಳಿಸುತ್ತದೆ, ಒಣಗಿದ್ದು ಅಷ್ಟು ಕಳಿಸುವುದಿಲ್ಲ, ಅದರ ಮೇಲಿಂದ ಹಸಿರು ಎಷ್ಟು ಅಂತ ತಿಳಿಯುತ್ತದೆ ಅಂದಳು. ಹಸಿರು ಹೆಚ್ಚಿದ್ದಲ್ಲಿ ನಕ್ಷೆಯಲ್ಲಿ ಹಸಿರು, ಕಡಿಮೆಯಾಗುತ್ತ ಬಂದಲ್ಲಿ ಕೆಂಪು. ಬಸಗೊಂಡಪ್ಪನ ಹೊಳೆಸಾಲಿನ ಹೊಲ ಕಡುಹಸಿರು. ನಮ್ಮ ಮಡ್ಡಿ ಕೆಂಪು, ಹುಣ್ಣಿನಂತೆ.

ಮೊದಲು ಬಸಗೊಂಡಪ್ಪನ ಹೊಲಕ್ಕೆ ಹೋದೆವು. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಸವಳು ಎದ್ದ ಹೊಲ ಅದು. ಬದುವಿನ ಕಡೆ ಎರಡು ಎಕರೆ ಕಬ್ಬು ಉಳಿದಿದೆ, ನಡುವೆ ಬಳ್ಳಾರಿ ಜಾಲಿ, ಕೆಳಗೆ ನೀರು ನಿಂತು ಆಪು, ಅಂದರೆ ಜೊಂಡು, ಬೆಳೆದಿದೆ, ಎಮ್ಮೆ ಮುಳುಗುವಷ್ಟು. ಜಾಲಿಯ ಸಂದಿಯಲ್ಲಿ ನೆಲ ಬೆಳ್ಳಗೆ, ಉಪ್ಪು ಚೆಲ್ಲಿದ ಹಾಗೆ.

ನನ್ನ ಗಂಡ ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಯ ಮೇಲೆ ಇಟ್ಟುಕೊಂಡ. ಉಗುಳಿದ.

"ಈ ಹೊಲ ಸತ್ತು ಎಂಟು ವರ್ಷ ಆತ್ರಿ," ಅಂದ.

"ಸತ್ತೈತಿ ಅಂದ್ರ? ಹಸರ ಕಾಣತೈತಲ್ಲ ಕಾಕಾ," ಅಂದಳು ಹುಡುಗಿ.

"ಹೆಣದ ಮ್ಯಾಲೆ ಹಸರ ಸೀರಿ ಹೊಚ್ಚಿದ್ರೂ ಕಾಣತೈತವ್ವಾ. ಜಾಲಿ ಹಸರ, ಆಪು ಹಸರ. ಯಾವದು ತಿನ್ನಾಕ ಬರತೈತಿ ಹೇಳ್ರಿ. ಕಡೀಕ ನಾ ಇಲ್ಲಿ ತರಬಿದಾಗ ಕುರಿ ಕಾಲ ಸಿಡದು ಹುಣ್ಣ ಆದೂ. ಮರುವರ್ಷ ಗೌಡ್ರು ಕರೀಲಿಲ್ಲ, ನಾನೂ ಬರಲಿಲ್ಲ."

ಬಸಗೊಂಡಪ್ಪನ ಮುಖ ಕೆಟ್ಟಿತು. ತನ್ನ ಹೊಲವನ್ನು ಪರವೂರವರ ಎದುರು ಸತ್ತದ್ದು ಅಂದರೆ ಯಾರಿಗೆ ಸೇರುತ್ತದೆ. "ಕುರಿ ಕಾಯವಗ ಹೊಲದ ಸುದ್ದಿ ಏನ ಗೊತ್ತಲೇ ಪರಸ್ಯಾ," ಅಂದ. "ಬೀರಪ್ಪನ ಗುಡಿ ಮುಂದ ಡೊಳ್ಳ ಬಾರಸಹೋಗು."

"ಡೊಳ್ಳಿಗೂ ನಮ್ಮ ಆಡಿನ ಚರ್ಮಾನ ಬೇಕ್ರಿ ಗೌಡ್ರ, ಸವಳಿನ ಕಬ್ಬ ನಡ್ಯಾಂಗಿಲ್ಲ."

ಹುಡುಗಿ ನಕ್ಕಳು. ನಾನು ನಗಲಿಲ್ಲ. ಆ ನಗೆ ಎಲ್ಲಿ ಹೋಗಿ ಮುಟ್ಟುತ್ತದೆ ಅಂತ ನನಗೆ ಅಲ್ಲೇ ತಿಳಿದಿತ್ತು.

ಆಮೇಲೆ ಮಡ್ಡಿಗೆ ಬಂದೆವು. ಬಿಸಿಲು ಏರಿತ್ತು. ಮಡ್ಡಿಯ ಮೇಲೆ ಒಂದು ಚಪ್ಪಟೆ ಕಲ್ಲಿದೆ, ಕುರಿ ಕಾಯುವವರು ಕೂಡುವ ಕಲ್ಲು. ಅದರ ಮೇಲೆ ಹುಡುಗಿ ಫೋನು ಇಟ್ಟು ಹಳೆಯ ಫೋಟೊ, ಹೊಸ ಫೋಟೊ ಎರಡೂ ತೋರಿಸಿದಳು. ಹಳೆಯದರಲ್ಲಿ ಮಡ್ಡಿ ಹಸಿರು. ಹೊಸದರಲ್ಲಿ ಬೋಳು.

"ನೋಡಪಾ, ಹೆಂಗ ಕೆಟ್ಟೈತಿ," ಅಂದ ಸಾಹೇಬ.

ನನ್ನ ಗಂಡ ಬಹಳ ಹೊತ್ತು ಬಗ್ಗಿ ನೋಡಿದ. ಓದಲು ಬಾರದವನು. ಬೆರಳು ಮಡ್ಡಿಯ ಮೇಲೆ ಇಡಲಿಲ್ಲ, ಮಡ್ಡಿಯ ಆಚೆಯ ಎರಿ, ಅಂದರೆ ಕಪ್ಪುಮಣ್ಣಿನ, ಹೊಲಗಳ ಮೇಲೆ ಇಟ್ಟ.

"ಇದು ಹಳೇದರೀ? ಇದರಾಗ ಎರಿ ಹೊಲ ಹಸರ ಅದಾವ. ನೀರಿಲ್ಲದ ಹೊಲ ಇವು, ಹಿಂಗಾರಿ ಬಿಳಿಜ್ವಾಳ ಬಿಟ್ರ ಏನ ಬೆಳ್ಯಾಂಗಿಲ್ಲ. ಜ್ವಾಳ ಮೊಣಕಾಲಿಗೆ ಬಂದಾಗಿನ ಫೋಟೋ ಇದು. ದೀಪಾವಳಿ ಮುಗದು ಚಟ್ಟಿ ಬರೂದ್ರೊಳಗ. ಹೊಸಾದ್ರಾಗ ಎರಿ ಬೋಳ ಐತಿ. ಜ್ವಾಳ ಕಿತ್ತ ಮ್ಯಾಲಿಂದು, ಹೋಳಿ ಮುಂದಿಂದು. ದೀಪಾವಳಿ ಮಡ್ಡೀನ ಹೋಳಿ ಮಡ್ಡಿ ಜೋಡಿ ಹಚ್ಚಿ ನೋಡಿದ್ರ ಹೆಂಗ್ರಿ ಸಾಹೇಬ್ರ? ಹೊಟ್ಟಿ ತುಂಬಿದಾವನ್ನ ಹಸದಾವನ ಜೋಡಿ ತೂಕಕ್ಕ ಹಚ್ಚಿದಂಗ ಆತಲ್ಲ."

ಹುಡುಗಿ ಬೆರಳಾಡಿಸಿ ಫೋಟೊದ ಕೆಳಗಿನ ತಾರೀಖು ನೋಡಿದಳು. ತನ್ನ ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಸಾಹೇಬನಿಗೆ ಊಟದ ಹೊತ್ತು ಆಗಿತ್ತು. "ಅದೆಲ್ಲ ಕಂಪ್ಯೂಟರ್ ನೋಡಿಕೊಳ್ತದ. ಎಷ್ಟು ಕುರಿ ಮೇಯಸ್ತಿ ಇಲ್ಲಿ, ಅದನ್ನ ಹೇಳು," ಅಂದ.

"ಸಾವಿರ ಅದಾವ್ರಿ. ಬೀರಪ್ಪ ಕೊಟ್ಟಾನ."

ಸಾಹೇಬ ಕುರಿಗಳ ಕಡೆ ತಿರುಗಿಯೂ ನೋಡದೇ ಬರೆದುಕೊಂಡ. ಹುಡುಗಿ ಪೇಟೆಯವಳು, ಅವಳೂ ಬರೆದುಕೊಂಡಳು. ನಾನು ಕುರಿಗಳ ಜೊತೆ ಇಳಿಜಾರಿನಲ್ಲಿದ್ದೆ, ಕೇಳಿಸಿತು, ಆದರೆ ಅದು ಬರೆಯುವ ಮಾತು ಅಂತ ನನಗೆ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತು.

ಬಸಗೊಂಡಪ್ಪ ಅವರ ಮಗ್ಗಲಲ್ಲೇ ನಿಂತಿದ್ದ. ಅವನಿಗೆ ಗೊತ್ತಿತ್ತು. ಅವನ ಅಪ್ಪನ ಕಾಲದಿಂದ ನಾವು ಅವರ ಹೊಲದಲ್ಲಿ ತರುಬಿದವರು. ಕುರಿಗಳೂ ಅವನ ಕಣ್ಣೆದುರೇ ಇದ್ದವು, ಒಂದು ಹಿಡಿ. ಅವನು ಮೀಸೆಯ ಮೇಲೆ ಬೆರಳಾಡಿಸಿದ, ಸುಮ್ಮನಿದ್ದ.

ಮಳೆಗಾಲ ಬಂತು, ಮಡ್ಡಿ ಹಸಿರಾಯಿತು. ನೋಡಲು ಯಾರೂ ಬರಲಿಲ್ಲ. ಚಟ್ಟಿ ಮುಗಿದು ಹುಲ್ಲು ಒಣಗಿದ ಮೇಲೆ ಪಂಚಾಯತಿಯ ಗೋಡೆಗೆ ನಕ್ಷೆ ಅಂಟಿಸಿದರು. ಮಡ್ಡಿ ಕೆಂಪು. ಕೆಳಗೆ ಬರೆದಿದ್ದನ್ನು ನಾನು ಅಕ್ಷರ ಕೂಡಿಸಿ ಓದಿದೆ. ಎಂಬತ್ತು ಎಕರೆಯಲ್ಲಿ ಒಂದು ಸಾವಿರ ಕುರಿ ಮೇಯಿಸಿದ್ದರಿಂದ ಹಸಿರು ಹೊದಿಕೆ ನಾಶ. ಮೂರು ವರ್ಷ ಮೇಯಿಸುವುದು ಬಂದ್. ಬೇಲಿ ಹಾಕಿ ಗಿಡ ಹಚ್ಚುವುದು.

ಬಸಗೊಂಡಪ್ಪನ ಸವಳು ಹೊಲ ಅದೇ ಗೋಡೆಯ ಮೇಲೆ ಕಡುಹಸಿರು ಇತ್ತು.

ನಾನು ಅಲ್ಲಿಂದ ರೇಷ್ಮಾಗೆ ಫೋನ್ ಮಾಡಿಸಿದೆ. ಸಾವಿರ ಅಲ್ಲವ್ವ, ಅದು ಹಂಗ ಅನ್ನೋದು ಅಂದೆ. ಅವಳಿಗೆ ಮೊದಲು ತಿಳಿಯಲಿಲ್ಲ. ಬಿಡಿಸಿ ಹೇಳಿದೆ. ಆಮೇಲೆ, ಆಫೀಸಿನವರು ಮಾತಿಗೆ ಒಪ್ಪುವುದಿಲ್ಲ ಕಾಕು, ಸಾಹೇಬರನ್ನು ಕರೆತರುತ್ತೇನೆ, ಎದುರಿಗೆ ಎಣಿಸಿ ಕೊಡಿರಿ ಅಂದಳು. ಅವಳು ದಿನ ಗೊತ್ತು ಮಾಡುವುದರೊಳಗೆ ಬೇಲಿ ಎದ್ದಿತ್ತು. ಅವಳು ಗೊತ್ತು ಮಾಡಿದ ದಿನ ಗುರುವಾರ. ಅದರ ಹಿಂದಿನ ದಿನದ ಜಗಳವನ್ನೇ ನಾನು ಮೇಲೆ ಬರೆದದ್ದು.

ಗುರುವಾರ ನಾನು ಏಳುವುದರೊಳಗೆ ಅವನು ಕುರಿ ಹೊಡೆದುಕೊಂಡು ಹೋಗಿದ್ದ. ಬುತ್ತಿ ಒಯ್ಯಲಿಲ್ಲ. ಸಾಹೇಬನ ಜೀಪು ಬರುವ ಮೊದಲೇ ಪಕ್ಕದ ವಸ್ತಿಯ ನಾಮದೇವ ಮೋಟಾರ್ ಸೈಕಲ್ ಮೇಲೆ ಬಂದ. ಗಾಡಿ ನಿಲ್ಲಿಸಿದ, ಆದರೆ ಇಳಿಯಲಿಲ್ಲ.

"ಗಾಡಿ ಹತ್ತು ಅಕ್ಕಾ," ಅಂದ. ಏನು ಅಂತ ಹೇಳಲಿಲ್ಲ. ನಾನು ಕೈಯ ಹಿಟ್ಟು ತೊಳೆಯದೇ ಹತ್ತಿದೆ.

ಕಬ್ಬಿನ ಹಂಗಾಮು. ಬನಹಟ್ಟಿ ರಸ್ತೆಯ ತುಂಬ ಟ್ರ್ಯಾಕ್ಟರ್, ಒಂದೊಂದಕ್ಕೆ ಎರಡೆರಡು ಟ್ರೇಲರ್, ಒಂದೊಂದರಲ್ಲೂ ಹಾಡು. ತಿರುವಿನಲ್ಲಿ ಹಿಂದಿನ ಟ್ರೇಲರಿನಿಂದ ಕಬ್ಬು ಬಿದ್ದಿತ್ತಂತೆ. ನಾಲ್ಕು ದಿನ ಹಸಿದ ಕುರಿ ಅದಕ್ಕೆ ಮುಗಿಬಿದ್ದವು. ಅವನು ನಡುರಸ್ತೆಗೆ ಹೋಗಿ ಅವನ್ನು ಬದಿಗೆ ಹೊಡೆಯುತ್ತಿದ್ದ. ಹಿಂದೆ ಬಂದ ಟ್ರ್ಯಾಕ್ಟರಿನವನಿಗೆ ಹಾಡಿನಲ್ಲಿ ಇವನ ಕೂಗು ಕೇಳಲಿಲ್ಲ. ಮಡ್ಡಿಯ ಮೇಲೆ ಟ್ರ್ಯಾಕ್ಟರ್ ಓಡಾಡುವುದಿಲ್ಲ. ಮಡ್ಡಿಯ ಮೇಲೆ ನಲವತ್ತು ವರ್ಷ ಅವನಿಗೆ ಒಂದು ಮುಳ್ಳು ಬಿಟ್ಟರೆ ಏನೂ ಆಗಿರಲಿಲ್ಲ.

ಕಂಬಳಿ ಅವನ ಮೇಲೆ ಹೊಚ್ಚಿದ್ದರು. ನಾನು ಮಗ್ಗಲಲ್ಲಿ ಕೂತೆ. ಅಳಲಿಲ್ಲ, ಆಗ ಬರಲಿಲ್ಲ. ಪೊಲೀಸಿನವರು ಬಂದು ಬರೆದುಕೊಳ್ಳತೊಡಗಿದರು. ಸತ್ತ ಕುರಿಗಳನ್ನು ಸಾಲಾಗಿ ಎಳೆದು ಹಾಕಿದರು. ಬದುಕಿದ್ದನ್ನು ನಾಮದೇವ ಹಿಡಿದು ಒಂದೊಂದೇ ದಾಟಿಸಿದ, ಪೇದೆ ಬಾಯಿಬಿಟ್ಟು ಎಣಿಸಿದ. ಒಂದು, ಎರಡು, ಮೂರು. ನನ್ನ ಗಂಡನ ತಲೆಯ ಹತ್ತಿರವೇ ನಿಂತು ಎಣಿಸಿದ. ಬೇಡ ಅನ್ನಬೇಕು ಅಂತ ನನಗೆ ಬಾಯಿಗೆ ಬಂತು. ಇನ್ನು ಯಾರಿಗಾಗಿ ಬೇಡ ಅನ್ನಲಿ.

"ಸತ್ತದ್ದು ಒಂಬತ್ತು, ಉಳದದ್ದು ಅರವತ್ತೆರಡು," ಅಂದ ಪೇದೆ. "ಖರೆ ಐತೇನವಾ?"

ನಮ್ಮ ದಡ್ಡಿಯ ಲೆಕ್ಕ ನಾನು ಹುಟ್ಟಿ ಮೊದಲ ಸಲ ಅಲ್ಲಿ ಕೇಳಿದೆ. ಎಪ್ಪತ್ತೊಂದು. ಅಷ್ಟಕ್ಕೇ ಇಷ್ಟೆಲ್ಲ ಆಗಿತ್ತು.

ಹನ್ನೊಂದನೆಯ ದಿನ ರೇಷ್ಮಾ ಮನೆಗೆ ಬಂದಳು. ನನ್ನ ಅತ್ತೆ ಲಕ್ಷ್ಮವ್ವ ನನ್ನ ತಾಯಿಯ ತಾಯಿಯೂ ಹೌದು, ಎಂಬತ್ತು ದಾಟಿದ ಮುದುಕಿ. ಅವಳಿಗೆ ಯಾರು ಬಂದರೂ ಒಂದೇ, ಚಹಾ ಕೊಡು ಅಂದಳು. ನಾನು ಕೊಡಲಿಲ್ಲ.

"ಕಾಕು, ಕಾಕಾ ಹೇಳಿದ್ದು ಖರೆ ಇತ್ತು," ಅಂದಳು. ಹಲಗೆ ಫೋನು ತೆಗೆದಳು. "ಹಳೇ ವರ್ಷದ್ದು ಮೋಡ ಇಲ್ಲದ ಫೋಟೊ ದೀಪಾವಳಿ ಆದಮ್ಯಾಲಿಂದ ಅಷ್ಟ ಸಿಕ್ಕಿದ್ವು. ಹೊಸಾವ ಬ್ಯಾಸಗಿದು ತಗೊಂಡಿದ್ರು. ನಾ ಈಗ ಬ್ಯಾರೆ ಉಪಗ್ರಹದ್ದು ಹುಡಿಕೀನಿ. ಅದು ಐದು ದಿನಕ್ಕೊಮ್ಮೆ ಹಾಯತೈತಿ. ಮಳೆಗಾಲದಾಗ ಮೋಡ ಬಿಚ್ಚಿದ ದಿನದ್ದು, ನಾಕು ವರ್ಷದ್ದು ನಾಕು ಸಿಕ್ಕಾವ. ನೋಡ್ರಿ, ಮಡ್ಡಿ ಹಸರ ಐತಿ. ಪ್ರತಿ ವರ್ಷ ಐತಿ. ಕೆಟ್ಟಿಲ್ಲ."

ನೋಡಿದೆ. ಹಸಿರಾಗಿತ್ತು. ನನಗೆ ಗೊತ್ತಿರುವ ಹಸಿರು.

"ಇದನ್ನ ಹುಡಕಾಕ ಎಷ್ಟ ದಿನ ಹಿಡೀತು?"

"ಎರಡ ದಿನ."

"ಅಂವ ಹೇಳಿ ಹತ್ತ ತಿಂಗಳಾತು," ಅಂದೆ. "ಎದ್ದ ಹೋಗವಾ. ನಿನ್ನ ಮಾರಿ ನೋಡಿದ್ರ ನನಗ ಹೊಟ್ಯಾಗ ಬೆಂಕಿ ಬೀಳತೈತಿ."

ಅವಳು ಎದ್ದಳು. ಬಾಗಿಲಲ್ಲಿ ನಿಂತು, ಮುಂದಿನ ಸೋಮವಾರ ಪಂಚಾಯತಿಯಲ್ಲಿ ಮೀಟಿಂಗ್ ಇದೆ, ಫೋಟೊ ನಾನು ತೋರಿಸುತ್ತೇನೆ, ಕುರಿಯ ಲೆಕ್ಕ ಮಾತ್ರ ನೀವೇ ಹೇಳಬೇಕು ಅಂದಳು. ಅವಳು ಹೋದ ಮೇಲೆ ಮುದುಕಿ ಕೇಳಿದಳು, "ಯಾರ ಬೇ ಅಕಿ? ಚಹಾ ಕುಡೀಲಾರದ ಹೋದ್ಲು."

ಸೋಮವಾರ ಹೋದೆ. ಗಂಡ ಸತ್ತ ಹೆಂಗಸು ಇಷ್ಟು ಬೇಗ ಮನೆ ಬಿಟ್ಟು ಹೊರಗೆ ಬರಬಾರದು ಅಂತ ಒಬ್ಬಿಬ್ಬರು ಗುಸುಗುಸು ಅಂದರು. ಕುರಿಗೆ ಮೇವು ನೀವು ಹಾಕುತ್ತೀರೇನು ಅಂತ ಕೇಳಿದೆ.

ರೇಷ್ಮಾ ಫೋಟೊ ತೋರಿಸಿದಳು. ಸಾಹೇಬ ತಲೆ ಕೆರೆದುಕೊಂಡ. "ಫೋಟೊದ ಮಾತು ಒತ್ತಟ್ಟಿಗಿರಲಿ. ಸಾವಿರ ಕುರಿ ಅಂತ ಅಂವನ ಬರಸ್ಯಾನಲ್ಲ," ಅಂದ. "ಈಗ ಇಲ್ಲ ಅಂದ್ರ ಹೆಂಗ ನಂಬೂದು? ಮಾರಿರಬಹುದು, ಬ್ಯಾರೆ ಕಡೆ ಬಿಟ್ಟಿರಬಹುದು."

ಬಸಗೊಂಡಪ್ಪ ಸಾಹೇಬನ ಬಲಗಡೆಯ ಕುರ್ಚಿಯಲ್ಲಿ ಕೂತಿದ್ದ. ನಾನು ಸಾಹೇಬನ ಜೊತೆ ಮಾತಾಡಲಿಲ್ಲ. ಬಸಗೊಂಡಪ್ಪನ ಮುಂದೆ ಹೋಗಿ ನಿಂತೆ.

"ಗೌಡ್ರ, ನಿಮ್ಮ ಹೊಲದಾಗ ನಾವು ಎಷ್ಟ ವರ್ಷ ತರಬೀವ್ರಿ?"

"ನೆನಪಿಲ್ಲ. ಭಾಳ ವರ್ಷ."

"ನಿಮ್ಮ ಅಪ್ಪನ ಕಾಲದಾಗ?"

"ಹೂಂ."

"ಆವಾಗ ಒಮ್ಮೆರೆ ಎಷ್ಟ ಕುರಿ ಅದಾವ ಅಂತ ನಿಮ್ಮ ಅಪ್ಪ ಕೇಳಿದ್ದನೇನ್ರಿ?"

"ಇಲ್ಲ."

"ನೀವು ಕೇಳೀರೇನು?"

"ಇಲ್ಲ."

"ಯಾಕ ಕೇಳಲಿಲ್ಲ?"

ಅವನು ಸಾಹೇಬನ ಕಡೆ ನೋಡಿದ. ಕುರ್ಚಿಯ ಕೈ ತಿಕ್ಕಿದ. ಕೋಣೆಯಲ್ಲಿ ಹದಿನೈದು ಮಂದಿ ಇದ್ದರು, ಎಲ್ಲರಿಗೂ ಉತ್ತರ ಗೊತ್ತಿತ್ತು. ಸುಳ್ಳು ಹೇಳಿದರೆ ಆ ಹದಿನೈದು ಮಂದಿಯೊಳಗೆ ಅವನ ಮಾನ ಹೋಗುತ್ತಿತ್ತು, ಖರೆ ಹೇಳಿದರೆ ಸಾಹೇಬನ ಮುಂದೆ.

"ಕೇಳಬಾರದು," ಅಂದ.

"ಕೇಳಿದ್ರ ನಾವು ಏನ ಅಂತೀವ್ರಿ?"

"ಅದ. ಸಾವಿರ ಅಂತೀರಿ."

"ಎಪ್ಪತ್ತೊಂದ ಕುರಿ ಕಣ್ಣಮುಂದ ನಿಂತಿದ್ವು. ಅಂವ ಸಾವಿರ ಅಂದ. ಸಾಹೇಬ್ರು ಬರಕೊಂಡ್ರು. ನೀವು ಮಗ್ಗಲದಾಗ ನಿಂತ ಮೀಸಿ ತಿರವಿದ್ರಿ. ಮಣ್ಣ ನೆಕ್ಕಿ ಹೊಲ ಸತ್ತೈತಿ ಅಂದಿದ್ದಕ್ಕ ಇಷ್ಟ ಮಾಡಬೇಕಾಗಿತ್ತೇನ್ರಿ?"

"ನಾ ಏನ ಮಾಡೀನಿ," ಅಂದ. "ಅಂವ ಹೇಳಿದ್ದ ಅಂವ ಹೇಳ್ಯಾನ. ನಂದೇನು."

"ಹೌದ್ರಿ. ನೀವು ಏನೂ ಮಾಡಿಲ್ಲ. ಅಂವ ಬಾಯಿ ಬಿಟ್ಟದ್ದಕ್ಕ ಸತ್ತ, ನೀವು ಮುಚ್ಚಿಕೊಂಡದ್ದಕ್ಕ ಕುರ್ಚಿ ಮ್ಯಾಲ ಕುಂತೀರಿ."

ಪೊಲೀಸರ ಕಾಗದದ ನಕಲು ನನ್ನ ಸೆರಗಿನ ಗಂಟಿನಲ್ಲಿತ್ತು. ಬಿಚ್ಚಿ ಮೇಜಿನ ಮೇಲೆ ಇಟ್ಟೆ. ಒಂಬತ್ತು, ಅರವತ್ತೆರಡು. ಸಾಹೇಬ ಓದಿದ. ಮೊದಲೇ ಬರೆದುಕೊಂಡದ್ದನ್ನು ಹೊಡೆದುಹಾಕಿ ಮೇಲೆ ಎಪ್ಪತ್ತೊಂದು ಅಂತ ಬರೆದ. ಅವನ ಪೆನ್ನು ಒಂದು ಗೆರೆ ಎಳೆಯಿತು, ಅಷ್ಟೇ ಕೆಲಸ.

ಬೇಲಿ ತೆಗೆಯಲಿಲ್ಲ. ಕಂಬಕ್ಕೆ ಖರ್ಚು ಮಾಡಿಬಿಟ್ಟಿದ್ದಾರೆ. ನಮ್ಮ ಮನೆಯ ಕಡೆ ಒಂದು ಗೇಟ್ ಇಟ್ಟರು, ಒಂದು ವರ್ಷದ ಮಟ್ಟಿಗೆ. ಅದಕ್ಕೂ ಕರಾರು. ದಿನಾ ಎಷ್ಟು ಕುರಿ ಒಳಗೆ ಹೋದವು ಅಂತ ಹೇಳಬೇಕು. ದಿನಾ ಒಂದೇ ಜಾಗದಲ್ಲಿ ನಿಂತು ಮಡ್ಡಿಯ ಫೋಟೊ ಕಳಿಸಬೇಕು. ವರ್ಷವಿಡೀ ಕೆಳಗಿನಿಂದ ತೆಗೆದ ಫೋಟೊ ಇದ್ದರೆ ಮೇಲಿನದಕ್ಕೆ ಜೋಡಿಸಿ ನೋಡುತ್ತೇವೆ, ಆಮೇಲೆ ಗೇಟ್ ಉಳಿಯಬೇಕೋ ಬೇಡವೋ ಹೇಳುತ್ತೇವೆ ಅಂದರು. ಒಂದು ದಿನ ತಪ್ಪಿದರೂ ಆ ದಿನ ಖಾಲಿ ಬೀಳುತ್ತದೆ. ಅವನು ಬದುಕಿದ್ದರೆ ಈ ಕರಾರಿಗೆ ಉಗುಳುತ್ತಿದ್ದ. ಎಣಿಸುವುದಕ್ಕಿಂತ ಕುರಿ ಮಾರಿಬಿಡುತ್ತೇನೆ ಅನ್ನುತ್ತಿದ್ದ, ಮಾರುತ್ತಲೂ ಇರಲಿಲ್ಲ. ನಾನು ಹೂಂ ಅಂದೆ.

ರೇಷ್ಮಾ ಒಂದು ಫೋನು ತಂದುಕೊಟ್ಟು ಹೇಗೆ ಒತ್ತುವುದು ಅಂತ ತೋರಿಸಿಕೊಟ್ಟಳು. ತಿಂಗಳಿಗೊಮ್ಮೆ ಬರುತ್ತಾಳೆ. ಮುದುಕಿ ಅವಳಿಗೆ ಚಹಾ ಕೊಡಿಸುತ್ತಾಳೆ. ನಾನು ಮಾಡಿ ಕೊಡುತ್ತೇನೆ, ಮಗ್ಗಲಲ್ಲಿ ಕೂಡುವುದಿಲ್ಲ. ಬಸಗೊಂಡಪ್ಪ ಎದುರಿಗೆ ಬಂದರೆ ದಾರಿ ಬಿಟ್ಟು ಹೊಲದಲ್ಲಿ ಇಳಿಯುತ್ತಾನೆ. ಇಳಿಯಲಿ. ಅವನ ಸವಳು ಹೊಲ ಇವತ್ತಿಗೂ ನಕ್ಷೆಯಲ್ಲಿ ಹಸಿರು. ಅದರ ಮಣ್ಣು ಒಯ್ದು ಪರೀಕ್ಷೆ ಮಾಡಿಸಬೇಕು ಅಂತ ರೇಷ್ಮಾ ಅನ್ನುತ್ತಾಳೆ. ನಾಲಿಗೆಯ ಪರೀಕ್ಷೆ ಮುಗಿದು ಬಹಳ ದಿನ ಆಯಿತು ಅಂತ ನಾನು ಅಂದೆ.

ಈಗ ಮಳೆ ಬಿದ್ದು ಮಡ್ಡಿ ಹಸಿರಾಗಿದೆ.

ಬೆಳಕು ಹರಿದ ಕೂಡಲೇ ದಡ್ಡಿಯ ಬಲೆ ಬಿಚ್ಚುತ್ತೇನೆ. ಕುರಿಗಳು ಗೇಟಿನ ತನಕ ತಾವೇ ನಡೆಯುತ್ತವೆ. ಗೇಟನ್ನು ಒಂದು ಕುರಿ ಹಾಯುವಷ್ಟೇ ತೆರೆದು ಮೊಣಕಾಲು ಅಡ್ಡ ಹಿಡಿದು ನಿಲ್ಲುತ್ತೇನೆ. ಒಂದೊಂದರ ಬೆನ್ನಿನ ಮೇಲೆ ಕೈ ಇಟ್ಟು ಬಾಯಿಬಿಟ್ಟು ಎಣಿಸುತ್ತೇನೆ. ಮೊದಲ ವಾರ ಮೂವತ್ತರ ಮೇಲೆ ತಪ್ಪಿ ಹೋಗುತ್ತಿತ್ತು, ಮತ್ತೆ ಹೊರಗೆ ಹೊಡೆದು ಮೊದಲಿಂದ ಎಣಿಸುತ್ತಿದ್ದೆ. ಈಗ ತಪ್ಪುವುದಿಲ್ಲ. ಎಣಿಸಿದರೆ ಕಡಿಮೆ ಆಗುತ್ತವೆ ಅಂತಿದ್ದ ಅವನು. ಆಗಿಲ್ಲ, ಹತ್ತು ಮರಿ ಹುಟ್ಟಿವೆ. ಕಡೆಯದು ಒಳಗೆ ಹೋದ ಮೇಲೆ ಚಪ್ಪಟೆ ಕಲ್ಲಿನ ಮೇಲೆ ನಿಂತು ಫೋಟೊ ಒತ್ತುತ್ತೇನೆ. ಫೋನು ಬಾಯಿಯ ಹತ್ತಿರ ಹಿಡಿದು ಎಪ್ಪತ್ತೆರಡು ಅಂತ ಹೇಳಿ ಕಳಿಸುತ್ತೇನೆ. ಆಮೇಲೆ ಇಳಿದು ಬಂದು ಗೇಟಿಗೆ ತಂತಿ ಸುತ್ತುತ್ತೇನೆ.